ಹರಾಜು ಕೂಗಲು ಕಲಿಯಿರಿ: ಐದು ಮಾತ್ರೆಯಲ್ಲಿ ಓಡುವ ಮಾತು

ಊರ ಹಬ್ಬ ಮುಗಿಯುತ್ತದೆ. ದೇವರ ಮೇಲಿದ್ದ ಹಾರ, ಹಣ್ಣಿನ ತಟ್ಟೆ, ಗಣೇಶನ ಕೈಯಲ್ಲಿದ್ದ ಲಾಡು ಎಲ್ಲವೂ ಹರಾಜಿಗೆ ಬರುತ್ತವೆ. ಮೈಕ್ ಯಾರ ಕೈಗೆ ಕೊಡೋದು? ಸಾಮಾನ್ಯವಾಗಿ ದನಿ ಜೋರಾಗಿರುವವರ ಕೈಗೆ ಕೊಡುತ್ತಾರೆ. ಜೋರು ದನಿ ಇದ್ದರೆ ಸಾಲದು. ಹರಾಜು ಕೂಗುವುದು ಕಲಿತು ಮಾಡಬೇಕಾದ ಕೆಲಸ, ಮತ್ತು ಅದನ್ನು ಮನೆಯಲ್ಲೇ ಕಲಿಯಬಹುದು.

ನಮ್ಮಲ್ಲಿ ಸವಾಲು ಅನ್ನುತ್ತಾರೆ, ಕರಾವಳಿಯಲ್ಲಿ ಏಲಂ, ಉತ್ತರ ಕರ್ನಾಟಕದ ಕಡೆ ಲೀಲಾವು. ಎಪಿಎಂಸಿಗಳಲ್ಲಿ ಕೂಗುವುದು ತುಂಬಾ ಕಡಿಮೆಯಾಗಿದೆ. 2014ರಲ್ಲಿ ಕರ್ನಾಟಕದಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಶುರುವಾದ ಮೇಲೆ ಅನೇಕ ಕಡೆ ಟೆಂಡರ್ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಆದರೆ ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಇದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟದ ಹರಾಜು ಲಕ್ಷಗಳಲ್ಲಿ ನಡೆಯುತ್ತದೆ. ಊರೂರಿನ ದೇವಸ್ಥಾನ, ಚರ್ಚು, ಶಾಲೆ, ಸಂಘಗಳ ಅಂಗಳದಲ್ಲಿ ಇವತ್ತಿಗೂ ಬಾಯಿಂದಲೇ ಕೂಗಬೇಕು. ಈ ಬರಹ ಅಂಥ ಅಂಗಳದಲ್ಲಿ ನಿಲ್ಲುವವರಿಗೆ. ಸಂತೆಯಲ್ಲಿ ಕೂಗಿ ಮಾರುವವರಿಗೂ, ವೇದಿಕೆಯಲ್ಲಿ ನಿರೂಪಣೆ ಮಾಡುವವರಿಗೂ ಇದರಲ್ಲಿ ಬಹುಪಾಲು ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ವಿಷಯ: ವೇಗದ ಹಿಂದೆ ಓಡಬೇಡಿ

ಚೆನ್ನಾಗಿ ಕೂಗುವವರನ್ನು ಕೇಳಿದಾಗ ನಮಗೆ ಮೊದಲು ಅನ್ನಿಸುವುದು "ಎಷ್ಟು ಫಾಸ್ಟ್!" ಅಂತ. ನಿಜವಾಗಿ ಅಲ್ಲಿ ಕೆಲಸ ಮಾಡುತ್ತಿರುವುದು ಲಯ. ಮುಖ್ಯವಾದ ಮಾತು, ಅಂದರೆ ಬೆಲೆ, ತಾಳದ ಪೆಟ್ಟಿನ ಮೇಲೆ ಬೀಳುತ್ತದೆ. ಉಳಿದ ಮಾತೆಲ್ಲ ಆ ಬೆಲೆಯನ್ನು ಹೊತ್ತು ತರುತ್ತದೆ, ಅಷ್ಟೇ. ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಕಿವಿಗೆ ಮೊದಲೇ ಗೊತ್ತಾದರೆ ಅಂಕಿ ತಪ್ಪದೆ ಕೇಳಿಸುತ್ತದೆ. ಪೆಟ್ಟು ಕೆಟ್ಟರೆ ನಿಧಾನಕ್ಕೆ ಹೇಳಿದರೂ ಗೊಂದಲ.

ಅಮೆರಿಕದ ದನದ ಮಾರುಕಟ್ಟೆಗಳಲ್ಲಿ ಹರಾಜು ಕೂಗುವವರ ಮಾತು ಹಾಡಿನ ಹಾಗೆ ಉರುಳುತ್ತದೆ. ಅವರಿಗೆ 1963ರಿಂದ ವಿಶ್ವ ಚಾಂಪಿಯನ್‌ಷಿಪ್ ಸ್ಪರ್ಧೆಯೇ ಇದೆ. ಅಲ್ಲಿ ತೀರ್ಪುಗಾರರು ನೋಡುವುದು ಏನು ಗೊತ್ತಾ? ಮಾತು ಸ್ಪಷ್ಟವಾಗಿದೆಯಾ, ದನಿ ಹೇಗಿದೆ, ಬೆಲೆ ಕೂಗಿದವರನ್ನು ತಪ್ಪದೆ ಗುರುತಿಸುತ್ತಾರಾ, ಹರಾಜನ್ನು ಹೇಗೆ ನಡೆಸುತ್ತಾರೆ, ಕೊನೆಗೆ "ಇವರನ್ನು ನಾನು ಕೆಲಸಕ್ಕೆ ಕರೆಯುತ್ತೇನಾ?" ಅಂತ. ಅವರ ಮಾತನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಎರಡೇ ಅಂಕಿ: ಈಗ ಬಂದಿರುವ ಬೆಲೆ, ಮುಂದೆ ಬೇಕಾದ ಬೆಲೆ. ನಡುವೆ ಜಾಗ ತುಂಬುವ ಪದಗಳು. ನಾವೂ ಇದೇ ಕಟ್ಟನ್ನು ಇಟ್ಟುಕೊಳ್ಳೋಣ. ಆದರೆ ಲಯ ನಮ್ಮ ಭಾಷೆಯದ್ದೇ ಇರಲಿ, ಯಾಕಂದರೆ ಕನ್ನಡದ ಅಂಕಿಗಳು ಹುಟ್ಟಿದ್ದೇ ತಾಳದಲ್ಲಿ ಅನ್ನುವ ಹಾಗಿವೆ.

ಹೆಜ್ಜೆ 1: ಅಂಕಿಗಳ ಮಾತ್ರೆ ಎಣಿಸಿ

ಶಾಲೆಯಲ್ಲಿ ಕಲಿತ ಲಘು ಗುರು ನೆನಪಿದೆ ಅಲ್ವಾ? ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಅಷ್ಟು ಸಾಕು.

ಈಗ ಒಂದರಿಂದ ಎಂಟರವರೆಗೆ ಎಣಿಸಿ ನೋಡಿ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು. ಪ್ರತಿಯೊಂದೂ ಮೂರು ಮಾತ್ರೆ. ಹತ್ತು, ನೂರು ಕೂಡ ಮೂರೇ. ಒಂಬತ್ತು ಮಾತ್ರ ಐದು.

ಇನ್ನು ಹರಾಜಿಗೆ ಬೇಕಾದ ಹತ್ತರ ಮಗ್ಗಿ: ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಎಂಟೂ ಐದೈದು ಮಾತ್ರೆ, ಒಂದೂ ತಪ್ಪುವುದಿಲ್ಲ. ಹನ್ನೊಂದರಿಂದ ಹದಿನೆಂಟರವರೆಗೂ ಐದೇ. ಹತ್ತೊಂಬತ್ತು ಏಳಕ್ಕೆ ಹೋಗುತ್ತದೆ.

ನೂರುಗಳನ್ನು ನೋಡಿ. ಇನ್ನೂರು, ಮುನ್ನೂರು, ನಾನೂರು, ಐನೂರು ಎಲ್ಲ ಐದು ಮಾತ್ರೆ. ಆರುನೂರು ಬರವಣಿಗೆಯಲ್ಲಿ ಆರು ಮಾತ್ರೆ ಆಗುತ್ತದೆ. ಆದರೆ ಮಾತಿನಲ್ಲಿ ನಾವು ಹೇಳುವುದು ಆರ್ನೂರು, ಏಳ್ನೂರು, ಎಂಟ್ನೂರು. ಹಾಗೆ ಹೇಳಿದ ಕೂಡಲೇ ಅವೂ ಐದಾಗುತ್ತವೆ. ಸಂತೆಯ ಬಾಯಿ ವ್ಯಾಕರಣ ಬಿಟ್ಟು ಲಯ ಉಳಿಸಿಕೊಂಡಿದೆ. ಇದನ್ನು ಗಮನಿಸಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಒಂಬೈನೂರು ಏಳು ಮಾತ್ರೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಐವತ್ತು ಸೇರಿಸಬೇಕಾದಾಗ "ಇನ್ನೂರೈವತ್ತು" ಅಂತ ಅಂಟಿಸಿ ಹೇಳಬೇಡಿ, ಒಂಬತ್ತು ಮಾತ್ರೆಯಾಗಿ ನಡೆ ಮುರಿಯುತ್ತದೆ. "ಇನ್ನೂರ ಐವತ್ತು" ಅಂತ ಬಿಡಿಸಿ ಹೇಳಿ. ಐದು, ಐದು. ದೂರ ನಿಂತವರಿಗೂ ಬಿಡಿಸಿಯೇ ಕೇಳಿಸುತ್ತದೆ.

ಹೆಜ್ಜೆ 2: ಐದರ ನಡೆ ಕೈಗೆ ಹತ್ತಿಸಿಕೊಳ್ಳಿ

ತಾಳದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಕೊನ್ನಕೋಲ್‌ನಲ್ಲಿ ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ, ಐದಕ್ಕೆ ತಕತಕಿಟ. ಐದರ ಈ ನಡೆಗೆ ಖಂಡ ನಡೆ ಅನ್ನುತ್ತಾರೆ. ನಮ್ಮ ವಾರ್ಧಕ ಷಟ್ಪದಿ, ಕುಸುಮ ಷಟ್ಪದಿಗಳೂ ಐದೈದು ಮಾತ್ರೆಯಲ್ಲೇ ನಡೆಯುವುದು. ಕಾವ್ಯವನ್ನು ರಾಗದಲ್ಲಿ ಓದುವ ಗಮಕ ಕೇಳಿ ಬೆಳೆದವರಿಗೆ ಈ ನಡೆ ಹೊಸದಲ್ಲ. ಬೆಂಗಳೂರಿನ ಬಿ.ಆರ್. ಸೋಮಶೇಖರ ಜೋಯಿಸ್, ಬಿ.ಸಿ. ಮಂಜುನಾಥ್ ಅವರ ಕೊನ್ನಕೋಲ್ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಒಮ್ಮೆ ಕೇಳಿ. ಅಷ್ಟು ವೇಗದಲ್ಲೂ ಒಂದೊಂದು ಅಕ್ಷರ ಹೇಗೆ ಬೇರೆಬೇರೆಯಾಗಿ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿ.

ತೊಡೆಯ ಮೇಲೆ ಕೈಯಿಂದ ತಾಳ ಹಾಕಿ. ಮೊದಲ ಮಾತ್ರೆಗೆ ಒಂದು ಪೆಟ್ಟು, ಮೂರನೆಯ ಮಾತ್ರೆಗೆ ಒಂದು ಪೆಟ್ಟು. ತಕ, ತಕಿಟ. ಎರಡು, ಮೂರು. ಇದು ಅಲ್ಲಾಡದೆ ನಿಂತ ಮೇಲೆ ಅದೇ ಪೆಟ್ಟಿಗೆ ಅಂಕಿ ಕೂರಿಸಿ: ಇಪ್-ಪತ್ತು, ಮೂ-ವತ್ತು, ನಲ-ವತ್ತು, ಅರ-ವತ್ತು. ಇನ್-ನೂರು, ಮುನ್-ನೂರು. ಹದಿ-ನಾರು. ಎಲ್ಲವೂ ಎರಡು-ಮೂರಾಗಿ ತಾವಾಗೇ ಒಡೆಯುತ್ತವೆ. ನೀವು ಬಲವಂತ ಮಾಡುವ ಅಗತ್ಯವೇ ಇಲ್ಲ.

ಮೊಬೈಲ್‌ನಲ್ಲಿ ಒಂದೇ ಸಮ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್ ಹಾಕಿಕೊಳ್ಳಿ. ನಿಮಿಷಕ್ಕೆ 60 ಟಿಕ್‌ಗೆ ಇಡಿ. ಒಂದು ಟಿಕ್‌ಗೆ ಒಂದು ಐದು, ಅಂದರೆ ಸೆಕೆಂಡಿಗೆ ಒಂದು ಅಂಕಿ. ಹತ್ತರ ಮಗ್ಗಿ ಮೇಲಕ್ಕೆ ಹೇಳಿ, ಆಮೇಲೆ ತೊಂಬತ್ತರಿಂದ ಕೆಳಕ್ಕೆ ಹೇಳಿ. ಕೆಳಕ್ಕೆ ಹೇಳುವುದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮೇಲಕ್ಕೆ ಹೇಳುವಾಗ ಬಾಯಿ ಅಭ್ಯಾಸಬಲದಿಂದ ಓಡುತ್ತದೆ. ಕೆಳಕ್ಕೆ ಹೇಳುವಾಗ ಮಾತ್ರ ತಲೆಯೂ ಜೊತೆಗೆ ಓಡಬೇಕು. ಅಂಗಳದಲ್ಲಿ ಬೇಕಾಗುವುದು ಆ ತಲೆಯೇ.

ಹೆಜ್ಜೆ 3: ತುಂಬುವ ಪದಗಳನ್ನು ಆರಿಸಿ

ಅಂಕಿಗಳು ಐದಾದರೆ ನಡುವಿನ ಪದಗಳೂ ಐದಾಗಿರಬೇಕು. ಹುಡುಕಿದರೆ ಬೇಕಾದಷ್ಟಿವೆ: ಬಂದಾಯ್ತು, ಇನ್ಯಾರು, ಯಾರಣ್ಣ, ಹೇಳಮ್ಮ, ಬರ್ಲಣ್ಣ, ಮುಂದಕ್ಕೆ, ನೋಡ್ಕೊಳ್ಳಿ, ಬಿಡಬೇಡಿ. ಉತ್ತರ ಕರ್ನಾಟಕದವರಿಗೆ ಹೇಳ್ರೆಪಾ. ನಿಮ್ಮ ಊರಿನಲ್ಲಿ ಜನ ನಿಜವಾಗಿ ಆಡುವ ಪದವನ್ನೇ ಇಟ್ಟುಕೊಳ್ಳಿ. ಬೇರೆ ಸೀಮೆಯ ಪದ ತಂದರೆ ಕೇಳುವವರಿಗೆ ನಾಟಕ ಅನ್ನಿಸುತ್ತದೆ.

ಈಗ ಸಾಲು ಕಟ್ಟಿ:

ಇಪ್ಪತ್ತು ಬಂದಾಯ್ತು, ಮೂವತ್ತು ಯಾರಣ್ಣ
ಮೂವತ್ತು ಬಂದಾಯ್ತು, ನಲವತ್ತು ಇನ್ಯಾರು
ನಲವತ್ತು ಬಂದಾಯ್ತು, ಐವತ್ತು ಬರ್ಲಣ್ಣ

ಸಾಲಿಗೆ ನಾಲ್ಕು ಐದು. ನೂರುಗಳಿಗೂ ಇದೇ ಅಚ್ಚು: "ಇನ್ನೂರು ಬಂದಾಯ್ತು, ಮುನ್ನೂರು ಹೇಳಮ್ಮ."

ಶುರುವಿನಲ್ಲಿ ಎರಡೇ ತುಂಬುಪದ ಸಾಕು. ಬಂದಾಯ್ತು, ಇನ್ಯಾರು. ಇವೆರಡು ನಾಲಿಗೆಗೆ ಅಂಟಿದ ಮೇಲೆ ಮೂರನೆಯದನ್ನು ಸೇರಿಸಿ. ಹತ್ತು ಪದ ಒಟ್ಟಿಗೆ ಕಲಿತವರು ಅಂಕಿ ಮರೆಯುತ್ತಾರೆ.

ಒಂದು ಪದಕ್ಕೆ ಒಂದೇ ಕೆಲಸ ಕೊಡಿ. "ಬಂದಾಯ್ತು" ಅಂದರೆ ಆ ಬೆಲೆ ಯಾರೋ ಕೂಗಿದ್ದಾರೆ ಅಂತಲೇ ಅರ್ಥ. ಬರದ ಬೆಲೆಗೆ ಬಂದಾಯ್ತು ಅನ್ನಬಾರದು. ಇದು ಲಯದ ನಿಯಮವೂ ಹೌದು, ಪ್ರಾಮಾಣಿಕತೆಯ ನಿಯಮವೂ ಹೌದು. ಇಲ್ಲದ ಕೂಗನ್ನು ಇದೆ ಅಂತ ಸೇರಿಸಿ ಬೆಲೆ ಏರಿಸುವವರಿದ್ದಾರೆ. ಲಯದ ಭರದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಳ್ಳುತ್ತಾರೆ. ಗೊತ್ತಾದ ದಿನ ಆ ಊರಿನಲ್ಲಿ ನಿಮ್ಮ ಬಾಯಿಗೆ ಬೆಲೆ ಇರುವುದಿಲ್ಲ. ಗೊತ್ತಾಗದಿದ್ದರೂ ಅದು ಮೋಸವೇ.

ಹೆಜ್ಜೆ 4: ನಾಲಿಗೆ ಪಳಗಿಸಿ, ಆಮೇಲೆ ವೇಗ

ನಾಲಿಗೆ ತಿರುಚುವ ಮಾತುಗಳು ಮಕ್ಕಳಾಟ ಅಂತ ಬಿಡಬೇಡಿ. "ಕಾಗೆ ಪುಕ್ಕ ಗುಬ್ಬಿ ಪುಕ್ಕ" ತುಟಿ ಮತ್ತು ಗಂಟಲಿಗೆ ಕೆಲಸ ಕೊಡುತ್ತದೆ. "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ" ರಕಾರವನ್ನು ತೊಳೆಯುತ್ತದೆ. ನಮ್ಮ ಅಂಕಿಗಳಲ್ಲಿ ನೂರು, ಮೂರು, ಆರು, ಸಾವಿರ ಎಲ್ಲದರಲ್ಲೂ ರಕಾರ ಇರುವುದರಿಂದ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸುಮ್ನೆ ಓಡಿಸಬೇಡಿ. ತಾಳ ಹಾಕುತ್ತಾ, ಪಿಸುಮಾತಿನಲ್ಲಿ ಹೇಳಿ. ಪಿಸುಮಾತಿನಲ್ಲೂ ಸ್ಪಷ್ಟವಾಗಿದ್ದರೆ ಮೈಕ್‌ನಲ್ಲಿ ಖಂಡಿತ ಸ್ಪಷ್ಟ.

ಆಮೇಲೆ ಮೆಟ್ರೊನೋಮನ್ನು 60ರಿಂದ 66, 72, 80 ಹೀಗೆ ಏರಿಸಿ. ಒಂದು ವೇಗದಲ್ಲಿ ಮೇಲಕ್ಕೂ ಕೆಳಕ್ಕೂ ತಪ್ಪದೆ ಬಂದ ಮೇಲೆ ಮಾತ್ರ ಮುಂದಿನದು. ಪ್ರತಿ ಸಲ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ನೆನಪೇ ಅಂಕಿಯನ್ನು ತುಂಬಿಕೊಡುತ್ತದೆ, ತಪ್ಪು ಕಾಣುವುದಿಲ್ಲ. ಇನ್ನೂ ಒಳ್ಳೆಯದು ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಕೇಳಿಸಿ, ಕೇಳಿದ ಅಂಕಿ ಬರೆಯಲು ಹೇಳುವುದು. ಅವರು ತಪ್ಪು ಬರೆದರೆ ತಪ್ಪು ನಿಮ್ಮದು.

90 ದಾಟಬೇಡಿ ಅಂತ ನನ್ನ ಸಲಹೆ. ಅಷ್ಟರಲ್ಲಿ ಸೆಕೆಂಡಿಗೆ ಏಳೂವರೆ ಮಾತ್ರೆ ಆಗಿರುತ್ತದೆ. ಅದಕ್ಕಿಂತ ಜಾಸ್ತಿ ವೇಗ ಕೇಳುವವರಿಗೆ ಚಮತ್ಕಾರ ಅನ್ನಿಸಬಹುದು, ಕೊಳ್ಳುವವರಿಗೆ ಕಷ್ಟ.

ಹೆಜ್ಜೆ 5: ಉಸಿರಿಗೆ ಜಾಗ

ಉಸಿರು ಸಾಲದೆ ಸಾಲಿನ ಕೊನೆಯ ಅಂಕಿ ಸಣ್ಣಗಾಗುವುದು ಎಲ್ಲ ಹೊಸಬರ ತೊಂದರೆ. ಆ ಕೊನೆಯ ಅಂಕಿಯೇ ನೀವು ಕೇಳುತ್ತಿರುವ ಬೆಲೆ! ಅದಕ್ಕೆ ಉಪಾಯ ಇದೆ. ಎರಡು ಸಾಲಿಗೆ ಒಮ್ಮೆ ಒಂದು ತುಂಬುಪದ ಬಿಟ್ಟುಬಿಡಿ. "ಮೂವತ್ತು ಬಂದಾಯ್ತು, ನಲವತ್ತು..." ಅಂದು ನಿಲ್ಲಿಸಿ, "ಇನ್ಯಾರು" ಇರಬೇಕಾದ ಐದು ಮಾತ್ರೆಯಲ್ಲಿ ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಕೈ ತಾಳ ಹಾಕುತ್ತಲೇ ಇರಲಿ. ಕೇಳುವವರ ಕಿವಿ ಆ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ, ಆ ಖಾಲಿಯಲ್ಲೇ ಯಾರಾದರೂ ಕೂಗುವ ಸಾಧ್ಯತೆಯೂ ಇದೆ.

ಹೆಜ್ಜೆ 6: ವಸ್ತುವಿನ ಬಗ್ಗೆ ಹೇಳುವಾಗ ನಡೆ ಬದಲಿಸಿ

ಬೆಲೆ ಶುರುವಾಗುವ ಮುಂಚೆ ವಸ್ತುವಿನ ಬಗ್ಗೆ ಎರಡು ಮಾತು ಹೇಳಬೇಕು. ಇದನ್ನು ನಾಲ್ಕರ ನಡೆಯಲ್ಲಿ ಹೇಳಿ, ಬೆಲೆಗೆ ಬಂದಾಗ ಐದಕ್ಕೆ ತಿರುಗಿ. ಈ ತಿರುವು ಜನರನ್ನು ಎಚ್ಚರಿಸುತ್ತದೆ. "ಈಗ ದುಡ್ಡಿನ ಮಾತು" ಅಂತ ಬೇರೆ ಹೇಳಬೇಕಾಗಿಲ್ಲ.

ಕನ್ನಡದ ಹಳೆಯ ಪ್ರಾಸ, ಎರಡನೆಯ ಅಕ್ಷರ ಹೊಂದಿಸುವ ಪ್ರಾಸ, ಇಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ತೆಂಗಿನಕಾಯಿ ಹರಾಜಿಗೆ ಒಂದು ಉದಾಹರಣೆ:

ತೋಟದ ಕಾಯಿ, ನಾಟಿಯ ಕಾಯಿ
ನೋಟಕೆ ಚಂದ, ಊಟಕೆ ಸೊಗಸು

ತೋಟ, ನಾಟಿ, ನೋಟ, ಊಟ. ನಾಲ್ಕರಲ್ಲೂ ಎರಡನೆಯದು ಟಕಾರ. "ತೋಟದ" ನಾಲ್ಕು ಮಾತ್ರೆ, "ಕಾಯಿ" ಮೂರು ಮತ್ತು ಒಂದು ಬಿಡುವು. ಇಂಥದ್ದನ್ನು ಮನೆಯಲ್ಲೇ ಬರೆದು ಬಾಯಿಪಾಠ ಮಾಡಿಕೊಂಡು ಹೋಗಿ. ಪ್ರತಿ ವಸ್ತುವಿಗೆ ಎರಡು ಸಾಲು ಸಾಕು, ನಾಲ್ಕು ಜಾಸ್ತಿ. ಬರೆದದ್ದು ನಿಜವಾಗಿರಬೇಕು. ಕಾಯಿ ಪಕ್ಕದ ಅಂಗಡಿಯಿಂದ ತಂದದ್ದಾದರೆ ತೋಟದ ಸಾಲು ಬಿಡಿ.

ಹೆಜ್ಜೆ 7: ಅಂಗಳದಲ್ಲಿ ನಿಂತಾಗ

ಮನೆಯ ಅಭ್ಯಾಸದಲ್ಲಿ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಂಗಳದಲ್ಲಿ ಹಾಗಾಗುವುದಿಲ್ಲ. ನೀವು "ಮೂವತ್ತು" ಅನ್ನುವ ಅರ್ಧದಲ್ಲೇ ಯಾರೋ ಕೂಗುತ್ತಾರೆ. ಆಗ ಹಿಡಿದ ಐದನ್ನು ಮುಗಿಸಿ, ಮುಂದಿನ ಐದರ ಮೊದಲ ಪೆಟ್ಟಿಗೆ ಹೊಸ ಅಂಕಿ ಇಡಿ. ಮಧ್ಯದಲ್ಲಿ ಮುರಿದರೆ ಹಳೆಯ ಅಂಕಿಯೂ ಇಲ್ಲ, ಹೊಸದೂ ಇಲ್ಲ.

ಇನ್ನೂರರಲ್ಲಿ ಇರುವಾಗ ಒಬ್ಬರು ನೇರ ಐನೂರಕ್ಕೆ ಹಾರಿದರೆ? ತಾಳ ನಿಲ್ಲಿಸಿ. ಕೂಗಿದವರ ಕಡೆ ತಿರುಗಿ, ಮಾತಿನ ದನಿಯಲ್ಲಿ "ಐನೂರು ರೂಪಾಯಿ ಅಂದ್ರು ಅಣ್ಣ" ಅಂತ ಹೇಳಿ. ಅಂಗಳವೆಲ್ಲ ಅವರ ಕಡೆ ನೋಡಲಿ. ಆಮೇಲೆ ಮತ್ತೆ ತಾಳ ಹಿಡಿಯಿರಿ.

ಕೂಗು ನಿಂತುಹೋದಾಗ ಹೊಸಬರು ವೇಗ ಏರಿಸುತ್ತಾರೆ. ತಪ್ಪು. ವೇಗ ಹಾಗೇ ಇರಲಿ, ಮೆಟ್ಟಿಲು ಚಿಕ್ಕದು ಮಾಡಿ. ನೂರರಿಂದ ಐವತ್ತಕ್ಕೆ: "ಐನೂರು ಬಂದಾಯ್ತು, ಐನೂರ ಐವತ್ತು ಇನ್ಯಾರು." ಇಪ್ಪತ್ತೈದರ ಮೆಟ್ಟಿಲು ಬೇಡ. ಇಪ್ಪತ್ತೈದು, ಎಪ್ಪತ್ತೈದು ಏಳು ಮಾತ್ರೆಯವು, ನಡೆ ಕುಂಟುತ್ತದೆ.

ಈಗ ಒಂಬೈನೂರಿನ ವಿಷಯ. ಅದರ ಏಳು ಮಾತ್ರೆಯನ್ನು ಐದಕ್ಕೆ ತುರುಕಬೇಡಿ. ಅಲ್ಲಿ ಬೇಕಂತಲೇ ನಿಧಾನ ಮಾಡಿ. ಮುಂದೆ ಸಾವಿರ ಇದೆ. ಸಾವಿರಕ್ಕೆ ಕಾಲಿಡುವ ಮುನ್ನ ಕೊಳ್ಳುವವರು ಮನೆಯವರ ಮುಖ ನೋಡಿ ಯೋಚಿಸುತ್ತಾರೆ. ಅವರಿಗೆ ಆ ಹೊತ್ತು ಕೊಡಿ. "ಒಂಬೈನೂರು... ಸಾವಿರಾ ಇನ್ಯಾರು." ಸಾವಿರ ನಾಲ್ಕು ಮಾತ್ರೆ. ಕೊನೆ ಎಳೆದು ಸಾವಿರಾ ಅಂದರೆ ಐದಾಗಿ ನಡೆ ವಾಪಸ್ ಬರುತ್ತದೆ.

ಸಾವಿರ ದಾಟಿದ ಮೇಲೆ ಪೂರ್ತಿ ಬೆಲೆ ಹೇಳಿ. ಯಾರಾದರೂ ಬರೀ "ಇನ್ನೂರು" ಅಂತ ಕೂಗಿದರೆ ನೀವು "ಸಾವಿರದ ಇನ್ನೂರು" ಅಂತ ತಿದ್ದಿ ಹೇಳಿ, ಅವರು ತಲೆ ಆಡಿಸಿದ ಮೇಲೆ ಮುಂದುವರಿಯಿರಿ. ಹರಾಜಿನ ಜಗಳಗಳು ಹುಟ್ಟುವ ಜಾಗ ಇದು.

ಲಕ್ಷಕ್ಕೆ ಹೋಗುವ ಜಾತ್ರೆಯ ಹರಾಜಾದರೆ ನಡೆಯೇ ಬೇರೆ. ಎರಡು ಲಕ್ಷ, ಮೂರು ಲಕ್ಷ, ನಾಲ್ಕು ಲಕ್ಷ ಎಲ್ಲ ಮೂರು-ಮೂರು. ತಕಿಟ ತಕಿಟ. ತುಂಬುಪದವೂ ಮೂರಕ್ಕೆ ಬರಲಿ: "ಎರಡು ಲಕ್ಷ ಬಂತು ಬಂತು, ಮೂರು ಲಕ್ಷ ಯಾರು ಯಾರು." ಇಲ್ಲಿ ಓಟ ಬೇಡ. ಅಷ್ಟು ದುಡ್ಡು ಕೂಗುವವರಿಗೆ ಗಾಂಭೀರ್ಯ ಬೇಕು.

ಜೊತೆಗೆ ಒಬ್ಬರನ್ನು ಇಟ್ಟುಕೊಳ್ಳಿ. ಹಿಂದೆ ನಿಂತು ಮೆತ್ತಗೆ ಕೈ ಎತ್ತುವವರನ್ನು, ಹೆಂಗಸರ ಕಡೆಯಿಂದ ಬರುವ ಕೂಗನ್ನು ಅವರು ನಿಮಗೆ ದಾಟಿಸಬೇಕು. ಯಾರನ್ನೂ ಜಾತಿ, ಅಂತಸ್ತು ಹಿಡಿದು ಕರೆಯಬೇಡಿ. ಅಣ್ಣ, ಅಮ್ಮ, ಯಜಮಾನ್ರೇ ಸಾಕು. ಐವತ್ತು ರೂಪಾಯಿ ಕೂಗಿದವರಿಗೂ ಐದು ಸಾವಿರ ಕೂಗಿದವರಿಗೂ ಒಂದೇ ದನಿ ಇರಲಿ.

ಹೆಜ್ಜೆ 8: ಮುಗಿಸುವುದು

ಒಂದು ಸಲ, ಎರಡು ಸಲ, ಮೂರು ಸಲ. ಇವೂ ಐದೇ ಮಾತ್ರೆ. ಆದರೆ ಒಡೆಯುವುದು ಮೂರು-ಎರಡಾಗಿ. ಇಷ್ಟು ಹೊತ್ತು ಎರಡು-ಮೂರಾಗಿ ಬರುತ್ತಿದ್ದ ಪೆಟ್ಟು ಇಲ್ಲಿ ತಿರುಗುತ್ತದೆ. ಅದಕ್ಕೇ ಈ ಮೂರು ಮಾತು ಕೇಳಿದ ಕೂಡಲೇ ಜನ ತಲೆ ಎತ್ತುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ಪ್ರತಿ ಸಲದ ಜೊತೆ ಬೆಲೆ ಹೇಳಿ, ಮತ್ತು ವೇಗವನ್ನು ಅರ್ಧಕ್ಕೆ ಇಳಿಸಿ. "ಆರ್ನೂರು, ಒಂದು ಸಲ." ಅಂಗಳದ ಎರಡೂ ಬದಿ ನೋಡಿ. "ಆರ್ನೂರು, ಎರಡು ಸಲ." ಮತ್ತೆ ನೋಡಿ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಪೂರ್ತಿ ಉಸಿರಿನಷ್ಟು ಹೊತ್ತು ಬಿಡಿ. ಇಲ್ಲಿ ಅವಸರ ಮಾಡುವವರು ತಮಗೆ ಬೇಕಾದವರಿಗೆ ವಸ್ತು ಕೊಡುತ್ತಿದ್ದಾರೆ ಅನ್ನುವ ಅನುಮಾನ ಹುಟ್ಟುತ್ತದೆ, ಅದು ನ್ಯಾಯವಾದ ಅನುಮಾನವೇ. ಮೂರು ಸಲ ಅಂದ ಮೇಲೆ ಯಾರು ಕೂಗಿದರೂ ತೆಗೆದುಕೊಳ್ಳಬೇಡಿ, ಅವರು ಎಷ್ಟೇ ದೊಡ್ಡವರಾಗಿರಲಿ.

ಆಮೇಲೆ ತಾಳ ಪೂರ್ತಿ ಬಿಟ್ಟು, ಕೊಂಡವರ ಹೆಸರು, ವಸ್ತು, ಬೆಲೆ ಮೂರನ್ನೂ ನಿಧಾನವಾಗಿ ಹೇಳಿ. ಪುಸ್ತಕ ಬರೆಯುವವರು ಅಂಕಿಯಲ್ಲೂ ಅಕ್ಷರದಲ್ಲೂ ಬರೆದುಕೊಳ್ಳಲಿ. ದೇವಸ್ಥಾನದ ಹರಾಜಿನಲ್ಲಿ ದುಡ್ಡು ಆಮೇಲೆ ಬರುವುದೇ ಜಾಸ್ತಿ, ಹಾಗಾಗಿ ಬರವಣಿಗೆ ಗಟ್ಟಿಯಾಗಿರಬೇಕು.

ಮೈಕ್, ಹಾರ್ನ್, ಗಂಟಲು

ಮೈಕನ್ನು ಬಾಯಿಗೆ ಅಂಟಿಸಬೇಡಿ. ಗಲ್ಲದ ಕೆಳಗೆ, ನಾಲ್ಕು ಬೆರಳು ದೂರ. ಬಾಯಿಗೆ ನೇರ ಹಿಡಿದರೆ "ಬಂದಾಯ್ತು", "ಬರ್ಲಣ್ಣ"ದ ಬಕಾರ ಗುಂಡಿನ ಹಾಗೆ ಸಿಡಿಯುತ್ತದೆ.

ಊರ ತುದಿಗೆ ಕಟ್ಟಿದ ಹಾರ್ನ್‌ಗಳು ಹರಾಜಿಗೆ ದೊಡ್ಡ ಶತ್ರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ದೂರದ ಹಾರ್ನ್‌ನಿಂದ ಬರುವ ದನಿ ಸುಮಾರು 0.3 ಸೆಕೆಂಡ್ ತಡ. ನೀವು ಸೆಕೆಂಡಿಗೆ ಐದು ಮಾತ್ರೆಯಲ್ಲಿ ಕೂಗುತ್ತಿದ್ದರೆ ಒಂದೂವರೆ ಮಾತ್ರೆ ಹಿಂದೆ ಇನ್ನೊಂದು ದನಿ ಬಂದು ಮೇಲೆ ಬೀಳುತ್ತದೆ. ಅಂಕಿಯ ಮೊದಲ ಅಕ್ಷರ ಮುಚ್ಚಿಹೋಗುತ್ತದೆ. ಹರಾಜಿನ ಹೊತ್ತಿಗೆ ದೂರದ ಹಾರ್ನ್ ಆಫ್ ಮಾಡಿಸಿ, ಅಂಗಳದ ಸ್ಪೀಕರ್ ಮಾತ್ರ ಇರಲಿ. ಸಾಧ್ಯವಾಗದಿದ್ದರೆ ವೇಗ ಇಳಿಸುವುದೊಂದೇ ದಾರಿ.

ಯಾಕೆಂದರೆ ನಮ್ಮ ಅಂಕಿಗಳ ಕಷ್ಟ ಇರುವುದೇ ಮೊದಲ ಅಕ್ಷರದಲ್ಲಿ. ಇಪ್ಪತ್ತು-ಎಪ್ಪತ್ತು, ಎಂಬತ್ತು-ತೊಂಬತ್ತು, ನಲವತ್ತು-ಅರವತ್ತು, ಇನ್ನೂರು-ಮುನ್ನೂರು. ಬಾಲ ಒಂದೇ, ತಲೆ ಮಾತ್ರ ಬೇರೆ. ಅದಕ್ಕೆ ತಾಳದ ಪೆಟ್ಟು ತಲೆಯ ಮೇಲೇ ಬೀಳಬೇಕು. ಇಪ್ಪತ್ತಿಗೆ ತುಟಿ ಅಗಲಿಸಿ, ಎಪ್ಪತ್ತಿಗೆ ದವಡೆ ಇಳಿಸಿ. ಎಂಬತ್ತು, ತೊಂಬತ್ತು ಬಂದಾಗ ಬೆರಳಿನಲ್ಲೂ ತೋರಿಸಿ, ಎಂಟು ಬೆರಳು, ಒಂಬತ್ತು ಬೆರಳು. ಕಿವಿ ಮಂದವಾಗಿರುವ ಹಿರಿಯರು ನಿಮ್ಮ ಕೈ ನೋಡಿ ಕೂಗುತ್ತಾರೆ.

ಗಂಟಲಿಗೆ ಬಿಸಿನೀರು ಸಾಕು. ಹಾಡುವವರು ಜೇಷ್ಠಮಧು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ, ಅದೂ ಆಗಬಹುದು. ಶುರು ಮಾಡುವ ಮುಂಚೆ ತುಟಿ ಬುರ್ರ್ ಅನ್ನಿಸಿ, ಮೆಲ್ಲಗೆ ಹತ್ತರ ಮಗ್ಗಿ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಹೇಳಿ. ದನಿ ಹೊಟ್ಟೆಯಿಂದ ಬರಲಿ, ಕುತ್ತಿಗೆಯ ನರ ಉಬ್ಬುತ್ತಿದ್ದರೆ ಗಂಟಲಿನಿಂದ ಕೂಗುತ್ತಿದ್ದೀರಿ ಅಂತ ಅರ್ಥ. ದನಿ ಒಡೆಯಲು ಶುರುವಾದರೆ ಮೈಕ್ ಇನ್ನೊಬ್ಬರಿಗೆ ಕೊಟ್ಟು ಹತ್ತು ನಿಮಿಷ ಸುಮ್ಮನಿರಿ. ಅದಕ್ಕಾಗಿ ನಿಮ್ಮ ಊರಿನ ಇನ್ನೊಬ್ಬರಿಗೂ ಈ ಅಚ್ಚನ್ನು ಮೊದಲೇ ಕಲಿಸಿಟ್ಟಿರಿ. ಇಬ್ಬರೂ ಒಂದೇ ತುಂಬುಪದ ಬಳಸಿದರೆ ಮೈಕ್ ಕೈ ಬದಲಾದರೂ ಹರಾಜು ನಿಲ್ಲುವುದಿಲ್ಲ.